ಮರಿಯವ್ವನ ಕೈ

ಮೊನ್ನೆ ಊಟಕ್ಕೆ ಕೂತಾಗ ಅಳಿಯ ತನ್ನ ಮೊಬೈಲನ್ನು ನನ್ನ ತಾಟಿನ ಹತ್ತಿರ ಹಿಡಿದ. "ಮಾಮಾ, ನೋಡ್ರಿ, ನಿಮ್ಮ ಹೂವು ಇಲ್ಲಿ ಸಿಗ್ತದ. ಒತ್ತಿದ್ರ ಮನಿಗೇ ಬರ್ತದ."

ನೋಡಿದೆ. ಅದೇ. ಕಂದು ಬಣ್ಣದ ಒಣ ಕಡ್ಡಿಗಳ ಒಂದು ಉಂಡೆ, ಮುದುಕಿಯೊಬ್ಬಳು ಬಿಗಿದ ಮುಷ್ಟಿಯ ಹಾಗೆ. ಪಕ್ಕದಲ್ಲಿ ಬೆಲೆ, ಅದರ ಕೆಳಗೆ ನಕ್ಷತ್ರಗಳು, ಕೊಂಡವರ ಹೊಗಳಿಕೆ. ನೀರಿನಲ್ಲಿಟ್ಟರೆ ಅದು ಹೇಗೆ ಅರಳುತ್ತದೆ ಎಂಬ ವಿಡಿಯೋ ಕೂಡ ಇತ್ತು. ನಾನು ತುತ್ತು ನುಂಗುವಷ್ಟರಲ್ಲಿ ಪೂರ್ತಿ ಅರಳಿಬಿಟ್ಟಿತು. ನನಗೆ ನಗು ಬಂತು. ಆ ಹೂವಿಗೆ ಅಷ್ಟು ಅವಸರ ಇರುವುದಿಲ್ಲ.

"ಆವಾಗ ಇದು ಗೊತ್ತಿದ್ರ ನಿಮಗ ಅಷ್ಟು ತ್ರಾಸ ಇರ್ತಿರ್ಲಿಲ್ಲ," ಎಂದ ಅಳಿಯ.

ಒಳಗಿನಿಂದ ರೊಟ್ಟಿ ತರುತ್ತಿದ್ದ ನನ್ನ ಮಗಳು ಅಶ್ವಿನಿ ಅಲ್ಲಿಂದಲೇ ಹೇಳಿದಳು: "ಹೊಸಾದು ಸಿಗ್ತದಂತ ಆವಾಗೂ ಗೊತ್ತಿತ್ತು. ನಾನೇ ಬ್ಯಾಡ ಅಂದಿದ್ದೆ."

ಅವಳು ಬೇಡ ಎಂದದ್ದರಿಂದಲೇ ನಾನು ಬಸವಕಲ್ಯಾಣದಲ್ಲಿ, ಈ ಜನ್ಮದಲ್ಲಿ ಮತ್ತೆ ದಾಟುವುದಿಲ್ಲ ಎಂದು ಆಣೆ ಮಾಡಿದ್ದ ಒಂದು ಗೇಟನ್ನು ದಾಟಬೇಕಾಯಿತು. ಅದನ್ನು ಹೇಳಬೇಕೆಂದರೆ ಮೊದಲು ಹೂವಿನ ವಿಷಯ ಹೇಳಬೇಕು. ಹೂವು ಬಂದರೆ ಖೈರುನ್ ಖಾಲಾ ಬರುತ್ತಾಳೆ. ಖಾಲಾ ಬಂದರೆ ಎಸ್ತರಬಾಯಿ ಹಿಂದೆ ಉಳಿಯುವುದಿಲ್ಲ, ಇವರಿಬ್ಬರ ನಡುವೆ ನನ್ನ ಅವ್ವ ಬಾಯಿ ಹಾಕದೆ ಇರುವವಳಲ್ಲ. ನೀವು ಸ್ವಲ್ಪ ಸಾವಕಾಶ ಮಾಡಿಕೊಂಡು ಕೂಡಬೇಕು.

ನಮ್ಮದು ಹುಮನಾಬಾದಿನ ಒಂದು ಹಳೆಯ ಗಲ್ಲಿ. ನಮ್ಮ ಮನೆಗೆ ಗೋಡೆ ಹಚ್ಚಿ, ನಾವೆಲ್ಲ ಚಿಕ್ಕಮ್ಮನೆಂದು ಖಾಲಾ ಎನ್ನುತ್ತಿದ್ದ ಖೈರುನ್ ಬೀಯ ಮನೆ, ಎದುರಿಗೆ ಎಸ್ತರಬಾಯಿಯದು. ಖಾಲಾನ ಗಂಡ ರಜಾಯಿ ಹೊಲಿಯುತ್ತಿದ್ದರು. ಅವರ ಅಂಗಳದಲ್ಲಿ ಹತ್ತಿ ಹಾರಾಡಿ ನಮ್ಮ ಸಾರಿನಲ್ಲಿ ಬಂದು ಬೀಳುತ್ತಿತ್ತು. ಎಸ್ತರಬಾಯಿ ದವಾಖಾನೆಯಲ್ಲಿ ಆಯಾ. ಭಾನುವಾರ ಆಕೆ ಬಿಳಿ ಸೀರೆ ಉಟ್ಟು ಚರ್ಚಿಗೆ ಹೊರಟರೆ ನಾವು ಹುಡುಗರು ಗೋಲಿ ಆಟ ನಿಲ್ಲಿಸಿ ಗೋಡೆಗೆ ಅಂಟಿ ನಿಲ್ಲುತ್ತಿದ್ದೆವು. ಆ ಬಿಳುಪಿಗೆ ನಮ್ಮ ಮಣ್ಣುಗೈ ತಾಗಿತೋ, ವಾರವಿಡೀ ಬೈಗುಳ.

ಹೂವನ್ನು ಖಾಲಾನ ಮಾವ ಹಡಗಿನಲ್ಲಿ ಹಜ್‌ಗೆ ಹೋಗಿ ಬರುವಾಗ ತಂದಿದ್ದರು. ಅವರ ಮನೆಯಲ್ಲಿ ಅದಕ್ಕೆ ‘ಬೀಬಿ ಮರಿಯಮ್ ಕಾ ಪಂಜಾ’ ಎಂದು ಹೆಸರು. ಅವ್ವನ ಬಾಯಲ್ಲಿ ಅದು ‘ಮರಿಯವ್ವನ ಕೈ’ ಆಯಿತು, ಗಲ್ಲಿಗೆಲ್ಲ ಹಾಗೇ ಉಳಿಯಿತು. ಬೀಬಿ ಮರಿಯಮ್ ಎಂದರೆ ಖಾಲಾನವರು ಪೈಗಂಬರರೆಂದು ನಂಬುವ ಈಸಾರ ತಾಯಿ. ಎಸ್ತರಬಾಯಿಯ ಏಸುಸ್ವಾಮಿಯ ತಾಯಿ ಮರಿಯಳೂ ಅವಳೇ. ಹೆರಿಗೆಯ ಬೇನೆಯಲ್ಲಿ ಆಕೆ ಬಿಗಿಯಾಗಿ ಹಿಡಿದ ಗಿಡ ಇದು, ಆಕೆಯ ಹಿಡಿತವೇ ಇನ್ನೂ ಅದರಲ್ಲಿ ಉಳಿದಿದೆ ಎಂದು ನಂಬಿಕೆ. ಯಾರ ಮನೆಯಲ್ಲಿ ಬೇನೆ ಶುರುವಾಯಿತೋ ಅಲ್ಲಿ ಒಂದು ಬಟ್ಟಲು ನೀರಿನಲ್ಲಿ ಈ ಒಣ ಮುಷ್ಟಿಯನ್ನು ಇಡುತ್ತಾರೆ. ಅದು ನಿಧಾನವಾಗಿ ಬೆರಳು ಬಿಡಿಸುತ್ತದೆ. ಬಸುರಿ ಅದನ್ನು ನೋಡುತ್ತ ಬೇನೆ ತಿನ್ನುತ್ತಾಳೆ. ಕೂಸು ಬಂದ ಮೇಲೆ ನೆರಳಿನಲ್ಲಿ ಒಣಗಿಸಿದರೆ ಮುಷ್ಟಿ ಮತ್ತೆ ಮುಚ್ಚಿಕೊಳ್ಳುತ್ತದೆ.

ಒಣ ಕಡ್ಡಿ ನೀರು ಕುಡಿದರೆ ಬಿಚ್ಚಿಕೊಳ್ಳುತ್ತದೆ, ಇದರಲ್ಲಿ ಪವಾಡ ಏನೂ ಇಲ್ಲ ಎಂದು ಗಲ್ಲಿಗೆ ಬಾಡಿಗೆಗೆ ಬಂದ ಒಬ್ಬ ಮಾಸ್ತರರು ಹೇಳಿದ್ದರು. ಖಾಲಾ ಪೂರ್ತಿ ಕೇಳಿಸಿಕೊಂಡು, "ಹೌದ್ರಿ ಮಾಸ್ತರ, ನೀರಿಗೇ ಬಿಚ್ಚತದ. ಬ್ಯಾನಿ ತಿನ್ನಾಕಿಗಿ ನೋಡಾಕ ಏನರ ಒಂದು ಬೇಕಲ್ರಿ, ಗೋಡಿ ನೋಡ್ಕೋತ ಕುಂಡರೋದೇನು?" ಎಂದಳು. ಮಾಸ್ತರರು ನಕ್ಕು ತಲೆಯಾಡಿಸಿದರು. ಪಾಪ, ಒಳ್ಳೆಯ ಮನುಷ್ಯ.

ಈ ಕೈಗೆ ಕಾಯಿದೆಗಳಿದ್ದವು. ಅದನ್ನು ಯಾರ ಕೈಯಲ್ಲೂ ಕಳಿಸುವಂತಿಲ್ಲ. ಬಸುರಿಯ ತವರಿನವರೋ ಗಂಡನ ಮನೆಯವರೋ ತಾವೇ ಬರಬೇಕು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಎರಡೂ ಕೈ ಒಡ್ಡಿ, "ನಮ್ಮ ಮನ್ಯಾಗ ಬ್ಯಾನಿ ಬರೋದದ, ಮರಿಯವ್ವನ ಕೈ ಬೇಕು" ಎಂದು ಬಾಯಿಬಿಟ್ಟು ಕೇಳಬೇಕು. ಬರಿಗೈಯಲ್ಲೇ ಬರಬೇಕು, ಸಕ್ಕರೆ, ಹಣ್ಣು, ಕುಬಸ ಏನೂ ತರಬಾರದು. ಕೊಡುವವರು "ಆಕಿ ಕೈ ಹಿಡೀಲಿ" ಎಂದು ಕೊಡಬೇಕು. ಇನ್ನೊಂದು ಮುಖ್ಯ ಮಾತು: ಹೂವು ಖಾಲಾನ ಮನೆಗೆ ತಿರುಗಿ ಬರುತ್ತಿರಲಿಲ್ಲ. ಕಡೆಯ ಹೆರಿಗೆ ಆದ ಮನೆಯಲ್ಲೇ ಇದ್ದು, ಮುಂದೆ ಕೇಳುವವರ ದಾರಿ ನೋಡುತ್ತಿತ್ತು. ಈಗ ಅದು ಎಲ್ಲಿದೆ ಎಂಬುದು ಮಾತ್ರ ಖಾಲಾನಿಗೆ ಗೊತ್ತಿರುತ್ತಿತ್ತು.

ಸಂಜೆ ಹೊತ್ತು ಮೂರು ಹೆಂಗಸರೂ ನಮ್ಮ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. ಮರಿಯವ್ವನ ಕಥೆ ನಾನು ಕಲಿತದ್ದು ಅಲ್ಲಿ, ಮೊರದ ಸಪ್ಪಳದ ನಡುವೆ. ಖಾಲಾ ಹೇಳುವಂತೆ ಮರಿಯಮ್ ಬೇನೆ ಬಂದಾಗ ಒಬ್ಬಳೇ ಇದ್ದಳು. ದೂರ ಹೋಗಿ ಒಂದು ಖರ್ಜೂರದ ಗಿಡಕ್ಕೆ ಒರಗಿದಳು. ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಿತ್ತು ಎಂದು ಅತ್ತಳು. ಆಗ ಒಂದು ದನಿ, ದುಃಖ ಮಾಡಬೇಡ, ಕಾಲ ಕೆಳಗೆ ನೀರಿದೆ, ಗಿಡದ ಬೊಡ್ಡೆ ಅಲುಗಾಡಿಸು, ಹಣ್ಣು ಬೀಳುತ್ತವೆ ಎಂದಿತು.

"ಕೊಟ್ಗ್ಯಾಗ ಹಡದಳು," ಎನ್ನುತ್ತಿದ್ದಳು ಎಸ್ತರಬಾಯಿ. "ದನ ಇದ್ವು, ಹುಲ್ಲಿತ್ತು. ಊರಾಗ ಯಾರೂ ಜಾಗ ಕೊಡ್ಲಿಲ್ಲ. ಗಂಡ ಬಾಜೂಕ್ಕೇ ಇದ್ದ, ಬಡಿಗೇರ ಅಂವ."

"ಗಂಡ ಎಲ್ಲಿಂದ ಬಂದ? ಗಿಡದ ಬುಡಕ ಆಕಿ ಒಬ್ಬಾಕೀನೇ ಇದ್ದಳು."

"ನಿನಗ ಯಾರು ಹೇಳ್ಯಾರ?"

"ನಿನಗ ಯಾರು ಹೇಳ್ಯಾರ?"

ಇಬ್ಬರೂ ಅವ್ವನ ಕಡೆ ತಿರುಗುತ್ತಿದ್ದರು. ಎಲ್ಲ ಮತವೂ ಒಂದೇ ಎನ್ನುವ ಮಾಣಿಕನಗರದ ಮಠಕ್ಕೆ ನಡೆದುಕೊಳ್ಳುವ ಅವ್ವನಿಗೆ ಯಾವ ದೇವರೂ ದೂರದ ದೇವರಲ್ಲ. ಮೊರ ಕೆಳಗಿಟ್ಟು ಆಕೆ ಹೇಳುತ್ತಿದ್ದಳು: "ಕೊಟ್ಟಿಗಿ ಇರ್ಲಿ, ಗಿಡ ಇರ್ಲಿ. ತವರಮನಿ ಇರ್ಲಿಲ್ಲ ಹೌದಲ್ಲೋ? ಮೊದಲನೇ ಹೆರಿಗಿ, ಕೈ ಹಿಡ್ಯಾಕ ತಾಯಿ ಇಲ್ಲ, ಬೆನ್ನ ತಿಕ್ಕಾಕ ಅಕ್ಕ ಇಲ್ಲ. ಅಷ್ಟು ಹೇಳ್ರಿ, ಸಾಕು." ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಮೂವರ ಕಣ್ಣಲ್ಲೂ ನೀರು. ಎರಡು ಸಾವಿರ ವರ್ಷದ ಹಿಂದಿನ ಬಾಣಂತಿಗೆ ನಮ್ಮ ಗಲ್ಲಿಯಲ್ಲಿ ಕೂತು ಅಳುವುದೆಂದರೆ ಅವರಿಗೆ ನಿತ್ಯದ ಕೆಲಸ.

ಎಸ್ತರಬಾಯಿ ಸ್ವಲ್ಪ ಕಾಯಿದೆಯ ಹೆಂಗಸು. "ನಾವು ಆಕೀಗಿ ಪೂಜಾ ಮಾಡಂಗಿಲ್ಲ, ಮರ್ಯಾದಿ ಕೊಡ್ತೀವಿ," ಎನ್ನುವಳು. "ನಾವೂ ಪೂಜಾ ಮಾಡಂಗಿಲ್ಲ. ನಮ್ಮಲ್ಲಿ ಆಕಿಗಿಂತ ದೊಡ್ಡ ಹೆಂಗಸು ಇಲ್ಲ, ಆದ್ರೂ ಪೂಜಾ ಇಲ್ಲ," ಎನ್ನುವಳು ಖಾಲಾ. ಅವ್ವನಿಗೆ ಇದು ಸರಿ ಬರುತ್ತಿರಲಿಲ್ಲ. "ಇಬ್ಬರೂ ಮಾಡ್ಲಿಲ್ಲಂದ್ರ ಆಕಿ ಏನ್ ತಿಳ್ಕೋಬೇಕು? ನಾನರ ಒಂದು ಊದಿನಕಡ್ಡಿ ಹಚ್ತೀನಿ." ಹಚ್ಚಿಯೇ ಬಿಡುತ್ತಿದ್ದಳು, ತುಳಸಿಕಟ್ಟೆಯ ಹತ್ತಿರ, ಪಶ್ಚಿಮಕ್ಕೆ ಮುಖ ಮಾಡಿ. ಪಶ್ಚಿಮ ಯಾಕೆ ಎಂದು ಕೇಳಿದರೆ, "ಹಡಗ ಆ ಕಡಿಂದ ಬಂದದ" ಎನ್ನುತ್ತಿದ್ದಳು.

ನಾನು ಏಳನೆಯ ಇಯತ್ತೆಗೆ ಶಾಲೆಗೆ ಸಲಾಮು ಹೊಡೆದು ವೆಲ್ಡಿಂಗ್ ಅಂಗಡಿ ಸೇರಿದವನು. ಈಗ ಮಾಣಿಕನಗರದ ರಸ್ತೆಯಲ್ಲಿ ನನ್ನದೇ ಅಂಗಡಿ ಇದೆ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ಶುರುವಾದರೆ ಕಬ್ಬಿನ ಟ್ರಾಲಿಗಳ ಕೊಂಡಿ, ಸರಳು, ಮುರಿದ ಸ್ಪ್ರಿಂಗ್ ಪಾಟಾ ಎಲ್ಲ ನನ್ನ ಹತ್ತಿರವೇ ಬರುತ್ತವೆ. ಉಳಿದ ದಿನ ಗೇಟು, ಕಿಟಕಿಯ ಗ್ರಿಲ್ಲು. ಒಬ್ಬರ ಗ್ರಿಲ್ಲಿನಲ್ಲಿ ಲಿಂಗ ಕೂರಿಸಿದ್ದೇನೆ, ಒಬ್ಬರದರಲ್ಲಿ ಚಂದ್ರ, ಒಬ್ಬರದರಲ್ಲಿ ಶಿಲುಬೆ. ಯಾವುದೂ ಇವತ್ತಿನ ತನಕ ಬಿಟ್ಟುಕೊಂಡಿಲ್ಲ. ಇದನ್ನು ಜಂಬ ಎನ್ನುವವರಿದ್ದಾರೆ. ಹೌದು, ಜಂಬವೇ. ದುಡಿದ ಕೈಗೆ ಅಷ್ಟೂ ಇರದಿದ್ದರೆ ಹೇಗೆ?

ಅದಕ್ಕೇ ಇರಬೇಕು, ಮರಿಯವ್ವನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಗಿಡ ಅಲುಗಾಡಿಸುವ ಮಾತು. ನೀರು ಹುಟ್ಟಿಸಿದ ದೇವರಿಗೆ ನಾಲ್ಕು ಹಣ್ಣು ಬಾಯಿಗೆ ಹಾಕುವುದು ಕಷ್ಟವಿತ್ತೇ? ಆದರೆ ಬೇನೆ ತಿನ್ನುತ್ತಿರುವ ಹೆಣ್ಣಿಗೆ, ನೀನೂ ಕೈ ಹಚ್ಚು ಎಂದ. ಆಕೆ ಹಚ್ಚಿದಳು. ಖರ್ಜೂರದ ಬೊಡ್ಡೆಯನ್ನು ಗಟ್ಟಿ ಆಳೊಬ್ಬ ಅಲುಗಾಡಿಸಿ ನೋಡಲಿ. ನಮ್ಮ ಅಂಗಡಿಯಲ್ಲಿ ಯಾರಾದರೂ ಮೈಗಳ್ಳತನ ಮಾಡಿದರೆ ನಾನು ಇದನ್ನೇ ಹೇಳುತ್ತೇನೆ. ಆಮೇಲೆ ಕೂಸನ್ನು ಎತ್ತಿಕೊಂಡು ಆಕೆ ತನ್ನವರ ಹತ್ತಿರ ಬಂದಾಗ ಅವರು ಬಾಯಿಗೆ ಬಂದದ್ದು ಅಂದರು. ಆಕೆ ಒಂದು ಮಾತಾಡಲಿಲ್ಲ. ಕೂಸಿನ ಕಡೆ ಬೆರಳು ತೋರಿಸಿ ಸುಮ್ಮನೆ ನಿಂತಳು. ಇದು ಖಾಲಾನ ಕಥೆ. ಎಸ್ತರಬಾಯಿಯ ಕಥೆಯಲ್ಲಿ, ನೀನು ತಾಯಿಯಾಗುತ್ತೀ ಎಂದು ದೇವದೂತ ಬಂದು ಹೇಳಿದಾಗ ಆಕೆ, ದೇವರ ಮನಸ್ಸಿನಂತೆ ಆಗಲಿ ಎಂದಳು. ಒಂದು ಕಡೆ ಸುಮ್ಮನಿದ್ದಳು, ಒಂದು ಕಡೆ ಆಗಲಿ ಎಂದಳು. ನನಗೆ ಎರಡೂ ಬಂದಿಲ್ಲ. ಯಾರಾದರೂ ಒಂದು ಅಂದರೆ ನಾನು ನಾಲ್ಕು ಅನ್ನುವವನು. ಕಲ್ಯಾಣದ ಆ ಗೇಟಿನ ಜಗಳವೂ ಹಾಗೆಯೇ ಆದದ್ದು.

ಬಸವಕಲ್ಯಾಣದಲ್ಲಿ ರೇವಪ್ಪ ಸಾವಕಾರ ಎಂಬ ಕಾಳಿನ ವ್ಯಾಪಾರಿ ಹೊಸ ಮನೆ ಕಟ್ಟಿಸಿದಾಗ ಗೇಟು ನಾನೇ ಮಾಡಿಕೊಟ್ಟಿದ್ದೆ. ಬಳ್ಳಿ, ನವಿಲು ಎಲ್ಲ ಬಿಡಿಸಿದ ಗೇಟು. ಮನೆ ಶಾಂತಿಯ ದಿನ ತುಂಬಿದ ಜನರ ಎದುರಿಗೆ ಸಾವಕಾರ, "ಸಿದ್ರಾಮಾ, ನಿನ್ನ ಗೇಟು ತಾನೇ ತೆರಕೋತದಲ್ಲೋ, ಭೂತ ಹೊಕ್ಕಾದೇನು?" ಎಂದು ನಗೆಯಾಡಿದ. ಜನ ನಕ್ಕರು. ಗೇಟಿಗೆ ಏನೂ ಆಗಿಲ್ಲ, ನಿಮ್ಮ ಕಂಬ ಸೊಟ್ಟ ಇದೆ ಎಂದೆ ನಾನು. ಕಂಬದಿಂದ ಮಾತು ಮನೆತನಕ್ಕೆ ಹೋಯಿತು. ಊಟ ಬಿಟ್ಟು ಎದ್ದು ಬಂದು, ಈ ಗೇಟಿನೊಳಗೆ ಮತ್ತೆ ಕಾಲಿಟ್ಟರೆ ನನ್ನ ಹೆಸರು ಸಿದ್ರಾಮನಲ್ಲ ಎಂದೆ. ಹೋಳಿಗೆ ಊಟ ಅದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನು ಮಗಳ ಮಾತು. ಅಶ್ವಿನಿಗೆ ಮೊದಲ ಸಲ ನಿಂತದ್ದು ಉಳಿಯಲಿಲ್ಲ. ತಿಂಗಳು ತುಂಬುವ ಮೊದಲೇ ಹೋಯಿತು. ಎರಡನೆಯ ಸಲ ಬಸುರಿಯಾಗಿ ತವರಿಗೆ ಬಂದವಳು ನಗುವುದನ್ನೇ ಬಿಟ್ಟಿದ್ದಳು. ಡಾಕ್ಟರು ಎಲ್ಲ ಸರಿಯಿದೆ ಎಂದರೂ ನಂಬುವಳಲ್ಲ. ಕೂಸು ಸ್ವಲ್ಪ ಹೊತ್ತು ಅಲುಗದಿದ್ದರೆ ಬಣ್ಣವೇ ಹೋಗುತ್ತಿತ್ತು. ತಾಯಿಯನ್ನು ಕಣ್ಣಿನಿಂದ ಮರೆಯಾಗಲು ಬಿಡುತ್ತಿರಲಿಲ್ಲ. ಹಳ್ಳಿಖೇಡದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಅಳಿಯನಿಗೆ ಕಬ್ಬು ಅರೆಯುವ ಹಂಗಾಮು, ರಜೆ ಇಲ್ಲ. ದಿನ ಹತ್ತಿರ ಬಂದಾಗ ಅವಳು ನನ್ನನ್ನು ಕರೆದು, "ಅಪ್ಪಾ, ಮರಿಯವ್ವನ ಕೈ ತಂದುಕೊಡು. ನಾ ಹುಟ್ಟುವಾಗ ಆಯಿ ತಂದಿದ್ದಳಂತಲ್ಲ," ಎಂದಳು. ಆಯಿ ಎಂದರೆ ನನ್ನ ಅವ್ವ.

"ಹೈದ್ರಾಬಾದಿಂದ ಹೊಸಾದೇ ತರಿಸ್ತೀನಿ ತಗೊ, ಯಾರ ಮುಂದ ಕೇಳೋದು ಯಾಕ?" ಎಂದೆ.

"ಹೊಸಾದು ಬ್ಯಾಡ. ಕೂಸು ಹುಟ್ಟೋದು ನೋಡಿದ್ದೇ ಬೇಕು. ಎಷ್ಟೋ ಮಂದಿದು ಸುಸೂತ್ರ ಆಗ್ಯಾದ, ಅದರಾಗ ನಂದೂ ಒಂದು ಆಗ್ತದ."

ಹೀಗೆಂದ ಮಗಳಿಗೆ ಏನು ಹೇಳುತ್ತೀರಿ? ಹೆಂಡತಿ ಕಸ್ತೂರಿ ಅವಳನ್ನು ಬಿಟ್ಟು ಹೋಗುವಂತಿರಲಿಲ್ಲ. ಅವ್ವನೂ ಎಸ್ತರಬಾಯಿಯೂ ತೀರಿಕೊಂಡು ವರ್ಷಗಳಾಗಿದ್ದವು. ಖಾಲಾ ಮಗನ ಜೊತೆ ಬಸವಕಲ್ಯಾಣ ಸೇರಿದ್ದಳು. ಉಳಿದವನು ನಾನು, ಯಾರ ಮುಂದೆಯೂ ಕೈ ಒಡ್ಡದವನು ಎಂದು ಹೇಳಿಕೊಂಡು ತಿರುಗುವವನು.

ಬರಿಗೈಯಲ್ಲಿ ಹೋಗುವುದು ನನ್ನ ಮೈಗೆ ಬರಲಿಲ್ಲ. ಒಂದು ಚಂದದ ಪೆಟ್ಟಿಗೆ ಮಾಡಿದೆ. ತೆಳು ಸ್ಟೀಲಿನ ಅಂಚು, ನಾಲ್ಕೂ ಕಡೆ ಗಾಜು, ಮೇಲೆ ಮುಚ್ಚಳ, ಸಣ್ಣ ಚಿಲಕ. ಹೂವು ಅದರಲ್ಲಿ ಇರಲಿ, ಧೂಳು ಹಿಡಿಯುವುದಿಲ್ಲ, ನಾನು ಸುಮ್ಮನೆ ಒಯ್ದಂತೆಯೂ ಆಗುವುದಿಲ್ಲ ಎಂಬ ಲೆಕ್ಕಾಚಾರ. ಅದನ್ನು ಬೈಕಿನ ಮುಂದೆ ಕಟ್ಟಿಕೊಂಡು ಬೆಳಿಗ್ಗೆ ಕಲ್ಯಾಣಕ್ಕೆ ಹೊರಟೆ. ಹೆದ್ದಾರಿಯ ತುಂಬ ಕಬ್ಬಿನ ಟ್ರಾಲಿಗಳು. ಅವುಗಳ ಕೊಂಡಿ ನೋಡುತ್ತ, ಇದು ನನ್ನ ಕೆಲಸ, ಇದು ನನ್ನದಲ್ಲ ಎಂದುಕೊಳ್ಳುತ್ತ ಹೋದೆ.

ಖಾಲಾ ಬಿಸಿಲಿಗೆ ಮಂಚ ಹಾಕಿಕೊಂಡು ಕೂತಿದ್ದಳು. ಕಣ್ಣು ಮಂಜಾಗಿತ್ತು, ನಾಲಿಗೆ ಹಾಗೇ ಇತ್ತು. ಪೆಟ್ಟಿಗೆಯನ್ನು ತಡವಿ ನೋಡಿ, "ಭಾಳ ಛಂದ ಅದ ಬೇಟಾ. ಏನಿದು?" ಎಂದಳು.

"ಮರಿಯವ್ವನ ಕೈ ಇಡಾಕ, ಖಾಲಾ."

"ಕೈ ಪೆಟ್ಟಿಗ್ಯಾಗ ಇಟ್ರ ಹಿಡ್ಯೋದು ಹ್ಯಾಂಗೋ ಖುಳಾ?" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಇದರಾಗ ನಾನು ಎಲಿ ಅಡಕಿ ಇಡ್ತೀನಿ, ಇಲ್ಲೇ ಬಿಡು. ಅಶ್ವಿನಿದು ಎಷ್ಟರಾಗ ಅದ?"

"ಇವತ್ತು ನಾಳಿ ಅನ್ನಾಕತ್ತಾರ."

ಆಕೆಯ ನಗು ನಿಂತಿತು. ಮೊದಲನೆಯದು ಹೋದ ಸುದ್ದಿ ಆಕೆಗೂ ಮುಟ್ಟಿತ್ತು. "ಹಂಗಾದ್ರ ಕುಂಡರಬ್ಯಾಡ, ನಡಿ. ಕೈ ಇದೇ ಊರಾಗ ಅದ. ರೇವಪ್ಪ ಸಾವಕಾರನ ಸೊಸಿ ಹಡದಾಳ. ಅವ್ರ ಮನ್ಯಾಗೇ ಅದ."

ನಾನು ಮಂಚದ ಕಾಲು ಹಿಡಿದು ಕೂತುಬಿಟ್ಟೆ. "ಖಾಲಾ, ನಿನ್ನ ಮಗನಿಗಿ ಕಳಿಸಿ ತರಿಸಿಕೊಡಾಕ ಆಗಂಗಿಲ್ಲೇನು?"

"ನನ್ನ ಮಗನ ಮನ್ಯಾಗ ಯಾರು ಹಡಿಯವ್ರಿದ್ದಾರ?" ಎಂದಳು ಖಾಲಾ. "ಆಕಿ ನಿನ್ನ ಮಗಳು ಇದ್ದಾಳ. ನೀನೇ ಕೇಳು."

ಸಾವಕಾರನ ಮನೆಯ ಮುಂದೆ ಬೈಕ್ ನಿಲ್ಲಿಸಿದಾಗ ನನ್ನ ನವಿಲುಗಳು ಬಣ್ಣ ಮಾಸಿದ್ದರೂ ಗಟ್ಟಿಯಾಗಿಯೇ ಇದ್ದವು. ಚಿಲಕಕ್ಕೆ ಕೈ ಹಾಕಬೇಕು, ಗಾಳಿ ಇಲ್ಲ ಏನಿಲ್ಲ, ಗೇಟು ತಾನೇ ತೆರೆದುಕೊಂಡಿತು. ಪೂರ್ತಿ. ಒಳಗೆ ಬಾ ಎನ್ನುವ ಹಾಗೆ. ಕಂಬ ನೋಡಿದೆ. ಕಂಬ ನೆಟ್ಟಗೆ ನಿಂತಿತ್ತು.

ಪಡಸಾಲೆಯಲ್ಲಿ ಕೂತಿದ್ದ ಸಾವಕಾರ ಪೇಪರಿನ ಮೇಲಿಂದ ನೋಡಿದ. "ಯಾರು, ಸಿದ್ರಾಮನೇನು? ಹೆಸರು ಬದಲ ಮಾಡ್ಕೊಂಡಿ ಏನ್ ಮತ್ತ?"

ಕೇಳಬೇಕಾದ ಮಾತು ಗಂಟಲಿನ ತನಕ ಬಂತು, ಹೊರಗೆ ಬಿದ್ದದ್ದು ಬೇರೆಯೇ. "ಗೇಟು ನೋಡ್ಕೊಂಡು ಹೋಗೋಣಂತ ಬಂದೆ ರಿ."

"ಇಷ್ಟು ವರ್ಷ ಆದ ಮ್ಯಾಲೇನು? ಕಂಬ ಸೊಟ್ಟ ಅದ ಅಂದಿದ್ದಿ."

"ಕಂಬನೂ ಸ್ವಲ್ಪ ಇರಬೇಕ್ರಿ."

"ಗೇಟು?"

"ಗೇಟೂ ಸ್ವಲ್ಪ."

ಸಾವಕಾರ ಖುಷಿಯಾಗಿ ಚಹಾ ತರಿಸಿದ. ನಾನು ಗೇಟಿನ ಬಿಜಾಗರಿ ಬಿಗಿ ಮಾಡಿದೆ, ಎಣ್ಣೆ ಕೇಳಿ ಹಾಕಿದೆ, ತೊಗರಿಯ ಧಾರಣಿ ವಿಚಾರಿಸಿದೆ. ಕಡಲೆ ಈ ಸಲ ಹೇಗೆ ಎಂದು ಕೂಡ ಕೇಳಿದೆ. ಕಡಲೆಗೂ ನನಗೂ ಏನು ಸಂಬಂಧ? ಪಡಸಾಲೆಯ ಮೂಲೆಯಲ್ಲಿ, ನೆರಳಿನಲ್ಲಿ, ಒಂದು ಮೊರದ ಮೇಲೆ ತೆಳು ಬಟ್ಟೆ ಹೊದ್ದುಕೊಂಡು ಅದು ಇತ್ತು. ಬಟ್ಟೆಯ ಕೆಳಗೆ ಮುಷ್ಟಿಯ ಆಕಾರ ಕಾಣುತ್ತಿತ್ತು. ಅದರ ಕಡೆ ನೋಡುವುದು, ಕಡಲೆಯ ಮಾತಾಡುವುದು.

ಆಗ ಫೋನು ಬಂತು. ಕಸ್ತೂರಿ. "ಬ್ಯಾನಿ ಶುರು ಆಗ್ಯಾವ. ದವಾಖಾನಿಗಿ ಬಂದೀವಿ. ಕೈ ಸಿಕ್ತೇನು? ಆಕಿ ಅದೊಂದೇ ಕೇಳಾಕತ್ತಾಳ. ಭಾಳ ಅಂಜ್ಯಾಳ ರಿ."

"ಎದುರಿಗೇ ಅದ," ಎಂದೆ. ಸುಳ್ಳೇನಲ್ಲ.

ಫೋನು ಇಟ್ಟು, ಮೆಟ್ಟಿಲು ಇಳಿದು ಹೊಸ್ತಿಲ ಹೊರಗೆ ಹೋದೆ. ಚಪ್ಪಲಿ ಬಿಟ್ಟೆ. ಎಣ್ಣೆ ಹತ್ತಿದ ಎರಡೂ ಕೈಗಳನ್ನು ಒಡ್ಡಿದೆ. ಮೂವತ್ತು ಕಿಲೋ ಗೇಟನ್ನು ಒಬ್ಬನೇ ಎತ್ತುವ ಕೈಗಳು.

"ಸಾವಕಾರ, ನಮ್ಮ ಮನ್ಯಾಗ ಬ್ಯಾನಿ ಬಂದದ. ಮರಿಯವ್ವನ ಕೈ ಬೇಕು."

ಇನ್ನು ಆತ ನಗುತ್ತಾನೆ, ಆ ದಿನದ ಲೆಕ್ಕ ತೀರಿಸುತ್ತಾನೆ ಎಂದುಕೊಂಡೆ. ಸಾವಕಾರ ಪೇಪರು ಮಡಚಿ ಎದ್ದ. ಮುಖ ಬೇರೆಯಾಗಿತ್ತು. "ಹುಚ್ಚಪ್ಪಾ, ಇದಕ್ಕ ಬಂದಿದ್ದೇನು? ಮೊದಲೇ ಹೇಳಬೇಕೋ ಬ್ಯಾಡೋ?" ಎಂದವನು ದನಿ ತಗ್ಗಿಸಿದ. "ಹೋಗ್ಲಿ ಬಿಡು. ನಾನು ಖೈರುನ್ ಬೀ ಹೇಳಿದ ಮನಿಗಿ ಕೇಳಾಕ ಹೋದಾಗ ಮಳಿ ಬೆಳಿ ಎಲ್ಲಾ ಮಾತಾಡಿ, ಕೇಳದ ತಿರುಗಿ ಬಂದಿದ್ದೆ. ಸೊಸಿ ಅತ್ತಳು, ಮತ್ತ ಹೋದೆ. ಒಳಗಿಂದ ಮಾತೇ ಏಳಂಗಿಲ್ಲ ನೋಡು."

ಆತನ ಹೆಂಡತಿ ನನ್ನ ಕೈಗೆ ನೀರು ಹಾಕಿ, ಸಾಬೂನು ಕೊಟ್ಟು, "ಉಗುರಿನ್ಯಾಗಿಂದೂ ತೊಳಿರಿ, ಬಾಣಂತಿ ಸಾಮಾನದು," ಎಂದರು. ಸಾವಕಾರ ಹೂವನ್ನು ಬಟ್ಟೆಯ ಸಮೇತ ಎತ್ತಿ ನನ್ನ ಅಂಗೈಯಲ್ಲಿಟ್ಟ. ಗುಬ್ಬಿಯ ಗೂಡಿನಷ್ಟೇ ಹಗುರ.

"ಆಕಿ ಕೈ ಹಿಡೀಲಿ," ಎಂದ.

ಅಂಗಿಯ ಒಳಗೆ, ಎದೆಗೆ ಹಚ್ಚಿ ಇಟ್ಟುಕೊಂಡು ಬೈಕ್ ಓಡಿಸಿದೆ. ಒಣ ಕಡ್ಡಿಗಳು ಚುಚ್ಚುತ್ತಿದ್ದವು. ಈ ಸಲ ಯಾವ ಟ್ರಾಲಿಯ ಕೊಂಡಿಯೂ ಕಣ್ಣಿಗೆ ಬೀಳಲಿಲ್ಲ. ಗುದ್ದಿದರೆ ಮುರಿಯುತ್ತದೆ ಎಂಬ ಭಯದಲ್ಲಿ ಎತ್ತಿನ ಗಾಡಿಗಿಂತ ಸ್ವಲ್ಪ ಜೋರು ಹೋದೆ ಅಷ್ಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಮರಿಯವ್ವ ಯಾರನ್ನೂ ಏನನ್ನೂ ಕೇಳಿದವಳಲ್ಲ ಎಂದು ಇಷ್ಟು ದಿನ ತಿಳಿದಿದ್ದೆ. ಹಾಗಲ್ಲ. ಕೇಳುವುದಕ್ಕೆ ಆಕೆಗೆ ಒಂದು ಬಾಗಿಲೂ ಇರಲಿಲ್ಲ. ನನಗೆ ಇದ್ದವು, ನಾನೇ ಮಾಡಿದ ಗೇಟುಗಳ ಸಮೇತ.

ದವಾಖಾನೆಗೆ ಬರುವಷ್ಟರಲ್ಲಿ ಅಶ್ವಿನಿಯನ್ನು ಹೆರಿಗೆ ಕೋಣೆಗೆ ಒಯ್ದಿದ್ದರು. ನರ್ಸಮ್ಮ ಬಾಗಿಲಲ್ಲೇ ತಡೆದಳು. "ಒಳಗ ತರಂಗಿಲ್ರಿ. ಆದ್ರ ಆಕೀಗಿ ಹೇಳ್ತೀನಿ, ಬಂದದ ಅಂತ. ಹೊರಗ ಬೆಂಚಿನ ಮ್ಯಾಲ ಇಡ್ರಿ." ಒಳಗೆ ಹೋಗಿ ತಿರುಗಿ ಬಂದು, "ಹೇಳೀನಿ. ನಿಧಾನಕ್ಕ ಬಿಚ್ಚಲಿ, ಅವಸರ ಬ್ಯಾಡ ಅಂದಳು," ಎಂದಳು. ನನಗೂ ಕಸ್ತೂರಿಗೂ ಒಟ್ಟಿಗೇ ನಗು ಬಂತು, ಒಟ್ಟಿಗೇ ಅಳುವೂ ಬಂತು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ನಗೆಮಾತು ಅದು.

ಬಟ್ಟಲು ಇರಲಿಲ್ಲ. ದವಾಖಾನೆಯ ಎದುರಿನ ಚಹಾದಂಗಡಿಯಲ್ಲಿ ಕೇಳಿದೆ, ಕೊಟ್ಟರು. ನೀರನ್ನು ಬೆಂಚಿನ ಮೇಲೆ ಕೂತಿದ್ದ ಲಂಬಾಣಿ ಅಜ್ಜಿಯ ಹತ್ತಿರ ಕೇಳಿದೆ, ತನ್ನ ಬಾಟಲಿ ಕೊಟ್ಟಳು. ಒಮ್ಮೆ ಬಾಯಿ ತೆರೆದ ಮೇಲೆ ಕೇಳುವುದು ಅಷ್ಟು ಕಷ್ಟವಲ್ಲ. ಹೂವನ್ನು ನೀರಿಗೆ ಬಿಟ್ಟು ನನಗೂ ಅಜ್ಜಿಗೂ ನಡುವೆ ಇಟ್ಟೆ. ಕಸ್ತೂರಿ ಹೆರಿಗೆ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಳು.

"ಏನಣ್ಣಾ ಇದು?" ಎಂದು ಅಜ್ಜಿ ಕೇಳಿದಳು. ತಾಂಡಾದಿಂದ ಸೊಸೆಯನ್ನು ಕರೆತಂದಿದ್ದಳು. ಅವಳದೂ ಮೊದಲ ಹೆರಿಗೆ, ಬೆಳಿಗ್ಗೆಯಿಂದ ಒಳಗಿದ್ದಾಳೆ, ಇನ್ನೂ ಯಾರೂ ಏನೂ ಹೇಳುತ್ತಿಲ್ಲ. ಅಜ್ಜಿ ಕನ್ನಡಿ ಹಚ್ಚಿದ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಅಂದು ಮೊದಲ ಸಲ ಆ ಕಥೆಯನ್ನು ನಾನು ಹೇಳಿದೆ. ಇಷ್ಟು ದಿನ ಕೇಳಿದವನೇ ಹೊರತು ಹೇಳಿದವನಲ್ಲ. ಖಾಲಾನ ಖರ್ಜೂರದ ಗಿಡವನ್ನು ಎಸ್ತರಬಾಯಿಯ ಕೊಟ್ಟಿಗೆಯ ಮುಂದೆ ನೆಟ್ಟುಬಿಟ್ಟೆ. ಅವ್ವನ ತವರುಮನೆಯ ಮಾತೂ ಸೇರಿಸಿದೆ. ಮೂವರೂ ಇದ್ದಿದ್ದರೆ ಬೈಯುತ್ತಿದ್ದರು.

"ಗಂಡ ಎಲ್ಲಿದ್ದ ಆಕಿದು?" ಎಂದಳು ಅಜ್ಜಿ.

"ಇದ್ದ ಅಂತ ಒಬ್ರು, ಇರ್ಲಿಲ್ಲ ಅಂತ ಒಬ್ರು. ಇದ್ರ ಹೊರಗ ಕುಂತಿರ್ತಾನ, ನನ್ನಂಗ."

"ಮತ್ತೇನ್ ಮಾಡ್ತೀರಿ ಗಂಡಸ್ರು," ಎಂದಳು. ಆಮೇಲೆ ಬಟ್ಟಲಿನ ಕಡೆ ಬಾಗಿ, "ಅಯ್ಯ, ಒಂದು ಎಳಿ ಅಲುಗಿತು ನೋಡು," ಎಂದಳು.

ಅಲುಗಿತ್ತು. ಹೊರಗಿನ ಕಡ್ಡಿಯೊಂದು ನೀರಿನಲ್ಲಿ ಕಿರುಬೆರಳಿನಂತೆ ಬಿಡಿಸಿಕೊಂಡಿತು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಒಳಗಿನಿಂದ ನನ್ನ ಮಗಳ ದನಿ ಕೇಳಿದಾಗಲೆಲ್ಲ ನಾನು ಆ ಬಟ್ಟಲನ್ನೇ ದಿಟ್ಟಿಸುತ್ತಿದ್ದೆ. ಕಬ್ಬಿಣ ನನ್ನ ಮಾತು ಕೇಳುತ್ತದೆ. ಕಾಯಿಸಿದರೆ ಬಾಗುತ್ತದೆ, ಬಡಿದರೆ ಕೂಡುತ್ತದೆ. ಇಲ್ಲಿ ಕಾಯಿಸಲು ಬಡಿಯಲು ಏನೂ ಇರಲಿಲ್ಲ. ಹೆಣ್ಣುಮಕ್ಕಳು ಇದನ್ನು ಎಷ್ಟು ಕಾಲದಿಂದ ಮಾಡುತ್ತಿದ್ದಾರೆ, ತಾನೇ ಬಿಡಿಸಿಕೊಳ್ಳುವುದನ್ನು ಕಾಯುತ್ತ ಕೂಡುವುದು. ಯಾರೂ ಇಲ್ಲದ ಕಡೆ, ಕತ್ತಲಾದರೆ ದೀಪವಿಲ್ಲದ ಕಡೆ, ಮರಿಯವ್ವನೆಂಬ ಆ ಹುಡುಗಿ ಒಬ್ಬಳೇ ಇದನ್ನು ದಾಟಿದಳಲ್ಲ, ಅವಳನ್ನು ಇಷ್ಟು ಊರುಗಳು, ಇಷ್ಟು ಮತಗಳು ತಲೆಯ ಮೇಲೆ ಹೊತ್ತುಕೊಂಡದ್ದರಲ್ಲಿ ಏನು ಆಶ್ಚರ್ಯ? ಅವ್ವನ ಊದಿನಕಡ್ಡಿ ಕೂಡ ಕಡಿಮೆಯೇ ಆಯಿತು.

ಬಟ್ಟಲಿನಲ್ಲಿ ಹೂವು ಅರ್ಧ ಅರಳಿದಾಗ ಕೂಸು ಅತ್ತಿತು.

ನರ್ಸಮ್ಮ ಬಾಗಿಲು ತೆರೆದು, "ಅಶ್ವಿನಿ ಮಂದಿ ಯಾರು? ಹೆಣ್ಣು. ಇಬ್ಬರೂ ಆರಾಮ," ಎಂದಳು. ಕಸ್ತೂರಿ ಒಳಗೆ ಓಡಿದಳು. ನಾನು ಎದ್ದೆ. ಎದ್ದವನು ಅಜ್ಜಿಯ ಕಡೆ ನೋಡಿದೆ. ಆಕೆ ನಕ್ಕು, "ಛಲೋ ಆತು ಅಣ್ಣಾ," ಎಂದಳು. ಆದರೆ ಕಣ್ಣು ನನ್ನ ಮೇಲೆ ಇರಲಿಲ್ಲ, ಬಟ್ಟಲಿನ ಮೇಲಿತ್ತು. ಒಳಗೆ ಅವಳ ಸೊಸೆ ನರಳುತ್ತಿದ್ದಳು.

ಕೇಳುವ ಮಾತು ಹೇಗೆ ಆಡಬೇಕೆಂದು ಆ ಅಜ್ಜಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದು ಗಂಟಲಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ನನಗೆ ಬೆಳಿಗ್ಗೆಯೇ ತಿಳಿದಿತ್ತು. "ಆಕಿ ಕೈ ಹಿಡೀಲಿ," ಎಂದು ಬಟ್ಟಲನ್ನು ಅವಳ ಕಡೆ ಸರಿಸಿದೆ.

ಒಳಗೆ ಹೋಗಿ ಮೊಮ್ಮಗಳನ್ನು ನೋಡಿದೆ. ಕೆಂಪಗೆ, ಎರಡೂ ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಅಶ್ವಿನಿ ನನ್ನ ಎಣ್ಣೆವಾಸನೆಯ ಕೈಯನ್ನು ಹಿಡಿದುಕೊಂಡು, "ಹೊರಗ ಆಕಿ ಒಬ್ಬಾಕೀನೇ ಕುಂತಾಳೇನು, ಅವ್ವ ಹೇಳಿದ ಆ ಅಜ್ಜಿ? ಸೊಸಿ ಬಾಜೂಕ್ಕೇ ಅಳಾಕತ್ತಾಳ," ಎಂದಳು. ಹೌದು ಎಂದೆ. "ಮತ್ತ ನೀ ಇಲ್ಲೇನ್ ಮಾಡಾಕತ್ತಿ? ಹೋಗಿ ಕುಂಡ್ರು," ಎಂದಳು.

ಹೋಗಿ ಕೂತೆ. ಹೂವಿನ ಒಳಗಿನ ಕೆಲವು ಎಳೆಗಳು ಇನ್ನೂ ಮಡಚಿಕೊಂಡೇ ಇದ್ದವು. ಅಜ್ಜಿ ಸ್ವಲ್ಪ ಸರಿದು ಜಾಗ ಕೊಟ್ಟಳು.